ಕಾರವಾರದ ವಾರಾಂತ್ಯ ಸಂಶೋಧನಾ ತರಬೇತಿ: ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಷ್ಟು ಉಪಯುಕ್ತ?

ಎಂ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿದ್ದು ಇನ್ನೂ ಸಿನಾಪ್ಸಿಸ್ (ಪ್ರಬಂಧದ ರೂಪರೇಖೆ) ಸಲ್ಲಿಸದವರು ಕಾರವಾರದಲ್ಲಿ ವಾರಾಂತ್ಯಗಳಲ್ಲಿ ನಡೆಯುವ ಸಂಶೋಧನಾ ವಿಧಾನ ಮತ್ತು ಪುರಾವೆ ಆಧಾರಿತ ಶುಶ್ರೂಷೆಯ ತರಬೇತಿಗೆ ಅಗತ್ಯವಾಗಿ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ದತ್ತಾಂಶ ಸಂಗ್ರಹ ಮುಗಿಸಿ, ಯಾರಾದರೂ ಲೆಕ್ಕ ಹಾಕಿಕೊಟ್ಟರೆ ಸಾಕೆಂದು ಕಾಯುತ್ತಿರುವವರಿಗೆ ಇದರಿಂದ ಅಷ್ಟೇನೂ ನೆರವಾಗದು. ನಾನು ಇದೇ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದು ಈಗ ಸ್ನಾತಕೋತ್ತರ ಓದಿನಲ್ಲಿದ್ದೇನೆ. ಇಲ್ಲಿ ಕಲಿತದ್ದು ವಾರ್ಡಿಗೆ ಮರಳಿದಾಗ ಕೆಲಸಕ್ಕೆ ಬರುತ್ತದೆಯೇ ಎಂಬ ಒಂದೇ ಅಳತೆಯಿಂದ ಈ ತರಬೇತಿಯನ್ನು ನೋಡಿದ್ದೇನೆ.

ನಮ್ಮಲ್ಲಿ ಪ್ರಬಂಧದ ವಿಷಯ ಹುಟ್ಟುವ ಬಗೆ ಎಲ್ಲರಿಗೂ ಗೊತ್ತಿದೆ. ಗ್ರಂಥಾಲಯದ ಹಳೆಯ ಪ್ರಬಂಧಗಳ ಶೀರ್ಷಿಕೆ ನೋಡಿ, ರೋಗದ ಹೆಸರನ್ನೂ ಊರಿನ ಹೆಸರನ್ನೂ ಬದಲಿಸಿ, ಆಯ್ದ ಪ್ರದೇಶದ ತಾಯಂದಿರ ಜ್ಞಾನದ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮ ಎಂದು ಬರೆದು ಗೈಡ್ ಮುಂದೆ ಇಡುತ್ತೇವೆ. 60 ಮಂದಿಗೆ ಪೂರ್ವ ಪರೀಕ್ಷೆ, ಒಂದು ಪಾಠ, ವಾರದ ನಂತರ ಅದೇ ಪ್ರಶ್ನೆಗಳ ಉತ್ತರ ಪರೀಕ್ಷೆ. ಕಲಿಸಿದ್ದನ್ನೇ ವಾರದೊಳಗೆ ಕೇಳಿದರೆ ಅಂಕ ಏರದೆ ಇರುತ್ತದೆಯೇ? ಹೋಲಿಸಿ ನೋಡಲು ಪಾಠ ಕೇಳದ ಮತ್ತೊಂದು ಗುಂಪು ಇರುವುದಿಲ್ಲ. ಅಂಕ ಏರಿದ್ದರಿಂದ ಒಂದು ಮಗುವಿಗಾದರೂ ಸಕಾಲದಲ್ಲಿ ಓ.ಆರ್.ಎಸ್. ಸಿಕ್ಕಿತೇ ಎಂದು ಯಾರೂ ಕೇಳುವುದೂ ಇಲ್ಲ. ಈ ತರಬೇತಿಯ ಮೊದಲ ಅವಧಿಯಲ್ಲಿಯೇ ಬೋಧಕರು ಶೀರ್ಷಿಕೆಗಳನ್ನು ಬದಿಗಿಡಲು ಹೇಳಿ, ವಾರ್ಡಿನಲ್ಲಿ ನಿಮ್ಮನ್ನು ಕಾಡಿದ ಒಂದು ತೊಂದರೆಯನ್ನು ಮಾತ್ರ ಬರೆಯಿರಿ ಎಂದರು. ಆ ತೊಂದರೆಯನ್ನು ರೋಗಿ ಯಾರು, ಮಾಡುವ ಕ್ರಮ ಯಾವುದು, ಯಾವುದರೊಡನೆ ಹೋಲಿಕೆ, ಫಲಿತಾಂಶವೇನು ಎಂಬ ನಾಲ್ಕು ಭಾಗಗಳ ಪಿಕೊ ಪ್ರಶ್ನೆಯಾಗಿ ತಿದ್ದಿಸುವುದರಲ್ಲಿ ಅರ್ಧ ದಿನವೇ ಹೋಯಿತು, ಮತ್ತು ಹಾಗೆ ಹೋದದ್ದು ಸರಿಯಾಗಿಯೇ ಇತ್ತು.

ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಕ್ಯಾನುಲಾ (ಔಷಧಿ, ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಕುರಿತ ಚರ್ಚೆ. ರೋಗಿಯ ಕೈಗೆ ಹಾಕಿದ ಕ್ಯಾನುಲಾವನ್ನು ಮೂರು ಅಥವಾ ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕೆಂಬುದು ನಾವು ಬಿ.ಎಸ್ಸಿ. ಕಾಲದಿಂದ ಪ್ರಶ್ನಿಸದೆ ಪಾಲಿಸಿಕೊಂಡು ಬಂದ ನಿಯಮ. 2012ರಲ್ಲಿ ‘ದ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳಲ್ಲಿ 3,283 ರೋಗಿಗಳ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗದ (ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಿಗೆ ಹಂಚುವ ಅಧ್ಯಯನ) ವರದಿಯನ್ನು ನಮ್ಮ ಕೈಗೆ ಕೊಟ್ಟು, ಸಾರಾಂಶವನ್ನು ಮುಟ್ಟದೆ ನೇರವಾಗಿ ವಿಧಾನದ ಭಾಗವನ್ನು ಓದಿಸಿದರು. ದಿನ ಎಣಿಸಿ ಬದಲಿಸಿದವರಲ್ಲಿಯೂ, ಊತ, ನೋವು ಮುಂತಾದ ಲಕ್ಷಣ ಕಂಡಾಗ ಮಾತ್ರ ಬದಲಿಸಿದವರಲ್ಲಿಯೂ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಪ್ರಮಾಣ ಶೇ. 7ರಷ್ಟೇ ಇತ್ತು. ಎರಡರ ನಡುವಿನ ವ್ಯತ್ಯಾಸ ಶೇ. 0.41; ಅದರ ವಿಶ್ವಾಸಾಂತರ, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಮೈನಸ್ 1.33ರಿಂದ 2.15ರವರೆಗೆ. ಇಷ್ಟರೊಳಗಿನ ವ್ಯತ್ಯಾಸವಿದ್ದರೆ ಎರಡೂ ಸಮಾನ ಎಂದು ಸಂಶೋಧಕರು ಮೊದಲೇ ನಿಗದಿ ಮಾಡಿಕೊಂಡಿದ್ದ ಮಿತಿ ಶೇ. 3; ಇಡೀ ವ್ಯಾಪ್ತಿ ಅದರೊಳಗೇ ಇತ್ತು. ವಿಶ್ವಾಸಾಂತರವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವ್ಯಾಖ್ಯೆ ಎಂದುಕೊಂಡಿದ್ದ ನಮ್ಮಲ್ಲಿ ಅನೇಕರಿಗೆ, ಎರಡು ಕ್ರಮಗಳನ್ನು ಸಮಾನವೆಂದು ಹೇಳುವ ಧೈರ್ಯ ಎಲ್ಲಿಂದ ಬರುತ್ತದೆಂಬುದು ಅಂದು ಅರ್ಥವಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಾಮಾನ್ಯ ಪಾಠವಾಗುತ್ತಿತ್ತು. ಬೋಧಕರು ಅದರ ಪಕ್ಕದಲ್ಲಿಯೇ 2021ರಲ್ಲಿ ಪ್ರಕಟವಾದ ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆಗಳ ಅಧ್ಯಯನವನ್ನೂ ಇಟ್ಟರು. 4 ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳನ್ನು ಗಮನಿಸಿದ ಆ ವರದಿಯ ಪ್ರಕಾರ, ದಿನದ ಲೆಕ್ಕವನ್ನು ಬಿಟ್ಟ ಅವಧಿಯಲ್ಲಿ ರಕ್ತಪ್ರವಾಹದ ಸೋಂಕಿನ ದರ ಏರಿ, ಹಳೆಯ ಪದ್ಧತಿಗೆ ಮರಳಿದ ಮೇಲೆ ಇಳಿದಿತ್ತು. ಒಂದು ಯಾದೃಚ್ಛಿಕ ಪ್ರಯೋಗ, ಇನ್ನೊಂದು ನಡೆದದ್ದನ್ನು ದಾಖಲಿಸಿ ನೋಡುವ ವೀಕ್ಷಣೆಯ ಅಧ್ಯಯನ. ಆದರೆ ಸೋಂಕಿನಂತಹ ವಿರಳ ಅಪಾಯವನ್ನು ಕಾಣಲು ಮೂರು ಸಾವಿರ ರೋಗಿಗಳು ಸಾಲದಿರಬಹುದು ಎಂಬ ಮಾತು ಬಂದಾಗ ಕೊಠಡಿಯಲ್ಲಿ ಬಿಸಿಯಾದ ವಾದವೇ ನಡೆಯಿತು. ಕರಾವಳಿಯ ಸೆಕೆಯಲ್ಲಿ ಬೆವರಿಗೆ ಪ್ಲಾಸ್ಟರ್ ಎದ್ದುಬರುತ್ತದೆ, ನೈಟ್ ಡ್ಯೂಟಿಯಲ್ಲಿ ಒಬ್ಬರೇ ಇಡೀ ವಾರ್ಡ್ ನೋಡಿಕೊಳ್ಳುವಾಗ ಪ್ರತಿ ಪಾಳಿಯಲ್ಲಿಯೂ ಎಲ್ಲರ ಕೈ ಪರೀಕ್ಷಿಸಲು ಸಾಧ್ಯವೇ ಎಂದು ಕುಮಟಾದಿಂದ ಬಂದಿದ್ದ ಸಿಸ್ಟರ್ ಒಬ್ಬರು ಕೇಳಿದರು. ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಪುರಾವೆ ಆಧಾರಿತ ವೈದ್ಯಕೀಯವನ್ನು ವಿವರಿಸುವಾಗ ಉತ್ತಮ ಪುರಾವೆಯೊಂದಿಗೆ ಚಿಕಿತ್ಸಕರ ಅನುಭವವನ್ನೂ ರೋಗಿಯ ಆಯ್ಕೆಯನ್ನೂ ಏಕೆ ಸೇರಿಸಿದರೆಂಬುದನ್ನು ಬೋಧಕರು ವಿವರಿಸಿದ್ದು ಆ ಪ್ರಶ್ನೆಯ ನಂತರವೇ. ಲಕ್ಷಣ ನೋಡಿ ಬದಲಿಸುವ ಪದ್ಧತಿ ನಿಂತಿರುವುದು ಪ್ರತಿ ಪಾಳಿಯ ಪರೀಕ್ಷೆಯ ಮೇಲೆ. ಅದು ನಡೆಯದ ವಾರ್ಡಿಗೆ ಆ ಪದ್ಧತಿಯನ್ನು ತರುವುದು ಸುರಕ್ಷಿತವಲ್ಲ ಎಂಬ ನಿಲುವಿಗೆ ನಾವು ಬಂದೆವು.

ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕುವ ಅಭ್ಯಾಸವನ್ನೂ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯದ ಬಳಕೆಯನ್ನೂ ಚೆನ್ನಾಗಿಯೇ ಮಾಡಿಸಿದರು. ಸಿದ್ದಾಪುರದ ಕಡೆಯವರೊಬ್ಬರು ಮಂಗನ ಕಾಯಿಲೆಯ ರೋಗಿಗಳಲ್ಲಿ ರಕ್ತಸ್ರಾವವನ್ನು ಬೇಗ ಗುರುತಿಸಲು ಎಷ್ಟು ಹೊತ್ತಿಗೊಮ್ಮೆ ಯಾವ ಲಕ್ಷಣ ನೋಡಬೇಕೆಂಬ ಪ್ರಶ್ನೆಯನ್ನು ಹುಡುಕಾಟಕ್ಕೆ ಇಟ್ಟಿದ್ದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ, ಹೀಗಾಗಿ ಶುಶ್ರೂಷೆಯ ಪಾತ್ರ ಬಹಳ ದೊಡ್ಡದು. ಆದರೂ ಆ ದಿನ ನಮ್ಮ ಹುಡುಕಾಟದಲ್ಲಿ ಶುಶ್ರೂಷೆ ಕುರಿತ ಒಂದು ಪ್ರಯೋಗವೂ ಸಿಗಲಿಲ್ಲ. ಹಳೆಯ ಕೇಸ್ ಶೀಟ್‌ಗಳಿಂದ ಲಕ್ಷಣಗಳ ಕ್ರಮವನ್ನು ದಾಖಲಿಸುವ ವಿವರಣಾತ್ಮಕ ಅಧ್ಯಯನವೇ ಒಂದು ಒಳ್ಳೆಯ ಪ್ರಬಂಧವಾಗಬಲ್ಲದೆಂದು ಬೋಧಕರು ಸೂಚಿಸಿದರು. ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಇಂಥದ್ದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಸಂಖ್ಯಾಶಾಸ್ತ್ರದ ಅವಧಿ ಮಾತ್ರ ನಿರಾಸೆ ಮೂಡಿಸಿತು. ಅರ್ಧದಷ್ಟು ರೋಗಿಗಳಲ್ಲಿ ಇರಬಹುದಾದ ಲಕ್ಷಣವನ್ನು ಶೇ. 95ರ ವಿಶ್ವಾಸದೊಂದಿಗೆ ಶೇ. 5ರ ಅಂತರದೊಳಗೆ ಅಂದಾಜಿಸಲು 384 ಮಂದಿ ಬೇಕೆಂಬ ಲೆಕ್ಕವನ್ನು ಹಲಗೆಯ ಮೇಲೆ ಬರೆದರೇ ಹೊರತು, ಒಬ್ಬೊಬ್ಬರ ಪ್ರಶ್ನೆಗೂ ಸಂಖ್ಯೆ ಹೇಗೆ ಬದಲಾಗುತ್ತದೆಂದು ಮಾಡಿಸಲಿಲ್ಲ. ಪಿ-ವ್ಯಾಲ್ಯೂ (ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಕಾಣುವ ಸಂಭವ) ಚಿಕ್ಕದಾಗಿದ್ದ ಮಾತ್ರಕ್ಕೆ ಪರಿಣಾಮ ದೊಡ್ಡದೆಂದು ಅರ್ಥವಲ್ಲ ಎಂಬ ಮಾತು ಕೊನೆಯ ಹತ್ತು ನಿಮಿಷದಲ್ಲಿ ಬಂತು. ಅದಕ್ಕೆ ಒಂದು ಇಡೀ ಅವಧಿ ಮೀಸಲಿಡಬೇಕಿತ್ತು. ನೈತಿಕ ಸಮಿತಿಯ ಒಪ್ಪಿಗೆ, ರೋಗಿಗಳ ಮೇಲೆ ಹೊಸ ಕ್ರಮವನ್ನು ಪ್ರಯೋಗಿಸುವ ಅಧ್ಯಯನವನ್ನು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ವ್ಯವಸ್ಥೆಯಾದ ಸಿ.ಟಿ.ಆರ್.ಐ.ನಲ್ಲಿ ನೋಂದಾಯಿಸುವುದು ಇವುಗಳನ್ನು ಚುಟುಕಾಗಿ, ಸ್ಪಷ್ಟವಾಗಿ ಹೇಳಿದರು. ಇನ್ನೊಂದು ಕೊರತೆಯೆಂದರೆ ತರಬೇತಿ ಮುಗಿದ ಮೇಲೆ ಬೆಂಬಲವಿಲ್ಲದಿರುವುದು: ಕಲಿತ ಕ್ರಮವನ್ನು ವಾರ್ಡಿಗೆ ತರಲು ಇನ್‌ಚಾರ್ಜ್ ಸಿಸ್ಟರನ್ನೂ ವೈದ್ಯರನ್ನೂ ಹೇಗೆ ಒಪ್ಪಿಸಬೇಕು, ಬದಲಾವಣೆಯ ನಂತರ ಏನನ್ನು ಎಣಿಸಬೇಕು ಎಂಬುದಕ್ಕೆ ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ.

ಶುಲ್ಕ 1,800 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ಕೊಟ್ಟ ಹಣಕ್ಕೆ ಮೋಸವಿಲ್ಲ. ಲ್ಯಾಪ್‌ಟಾಪ್ ಒಯ್ಯುವುದು ಅಗತ್ಯ, ಮೊಬೈಲಿನಲ್ಲಿ ಹುಡುಕಾಟದ ಅಭ್ಯಾಸ ಸಾಗದು. ಬೆಳಿಗ್ಗೆ 9ಕ್ಕೆ ಆರಂಭವಾಗುವುದರಿಂದ ಘಟ್ಟದ ಮೇಲಿನವರು ಹಿಂದಿನ ರಾತ್ರಿಯೇ ಬಂದು ಉಳಿಯಬೇಕಾಗುತ್ತದೆ, ಮಳೆಗಾಲದಲ್ಲಿ ಅದು ಇನ್ನೂ ಕಷ್ಟ. ಮುಂದಿನ ತಂಡಕ್ಕೆ ಕನಿಷ್ಠ ಒಂದು ವಾರಾಂತ್ಯದ ತರಗತಿಯನ್ನು ಶಿರಸಿಯಲ್ಲಿ ಇಡಬೇಕೆಂದೂ, ಸಂಖ್ಯಾಶಾಸ್ತ್ರಕ್ಕೆ ಹೆಚ್ಚಿನ ಸಮಯ ಕೊಡಬೇಕೆಂದೂ ನಾವು ಕೆಲವರು ಸೇರಿ ಆಯೋಜಕರಿಗೆ ಬರೆದುಕೊಟ್ಟಿದ್ದೇವೆ.