ಹೈಸ್ಕೂಲು ಮಕ್ಕಳ ಅಪ್ಪ-ಅಮ್ಮಂದಿರಿಗೆ ಕುಮಟಾದಲ್ಲೊಂದು ಕ್ಲಾಸು: ಹೋಗಬಹುದಾ?

ಕುಮಟಾದಲ್ಲಿ ಮೇ ತಿಂಗಳ ಭಾನುವಾರಗಳಂದು ಒಂದು ಕ್ಲಾಸ್ ನಡೆಯುತ್ತದೆ. ಏಳನೇ ಕ್ಲಾಸ್ ಮುಗಿಸಿ ಎಂಟಕ್ಕೆ, ಅಂದರೆ ಹೈಸ್ಕೂಲಿಗೆ ಹೋಗುವ ಮಕ್ಕಳ ಅಪ್ಪ-ಅಮ್ಮಂದಿರಿಗೆ ಇದು. ನಡೆಸುವವರು ಇಬ್ಬರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರು, ಮತ್ತೆ ಪ್ರೈಮರಿ ಶಾಲೆಯಲ್ಲಿ ಅಕ್ಕೋರಾಗಿದ್ದ ಅವರ ಹೆಂಡತಿ. ಅವರಿಗೆ ಪ್ರಚಾರ ಇಷ್ಟ ಇಲ್ಲ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಬಸ್ ಸ್ಟ್ಯಾಂಡಿನ ರಿಕ್ಷಾದವರನ್ನು ಕೇಳಿದರೆ ಮನೆ ತೋರಿಸುತ್ತಾರೆ. ಫೀಸ್ ಒಂದು ಕುಟುಂಬಕ್ಕೆ 300 ರೂಪಾಯಿ. ಒಬ್ಬರು ಬಂದರೂ ಅಷ್ಟೇ, ಗಂಡ-ಹೆಂಡತಿ ಇಬ್ಬರೂ ಬಂದರೂ ಅಷ್ಟೇ. ಮೀನು ಹಿಡಿಯುವ ಬೋಟಿಗೆ ಹೋಗುವವರು ಆಗಸ್ಟ್ ಮೇಲೆ ಕೊಟ್ಟರೂ ನಡೆಯುತ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಬಂದ್. ಶಾಲೆ ಖರ್ಚು ಬಂದು ಕೂರುವುದೂ ಅದೇ ಹೊತ್ತಿಗೆ. ಇದನ್ನು ತಿಳಿದು ಫೀಸ್ ಇಟ್ಟಿದ್ದಾರೆ ಅಂದಾಗಲೇ ನನಗೆ ಅರ್ಧ ನಂಬಿಕೆ ಬಂತು.

ನಾನು ಮಿರ್ಜಾನ್ ಕಡೆಯವನು. ಕುಮಟಾ–ಅಂಕೋಲಾ ಹೆದ್ದಾರಿಯಲ್ಲಿ ಟೆಂಪೋ ಓಡಿಸುತ್ತೇನೆ. ಹೆಂಡತಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ. ಅವಳಿಗೆ ಭಾನುವಾರ ಒಂದೇ ಬಿಡುವು. ಅದನ್ನೂ ಬೆಂಚಿನ ಮೇಲೆ ಕೂತು ಕಳೆಯುವುದಕ್ಕೆ ಅವಳು ಒಪ್ಪಲಿಲ್ಲ. ಮಗಳು ಊರಿನ ಕನ್ನಡ ಶಾಲೆ ಮುಗಿಸಿ ಕುಮಟಾದ ಹೈಸ್ಕೂಲಿಗೆ ಸೇರುವವಳಿದ್ದಳು. ನಾನು ಓದಿದ್ದೇ ಎಂಟನೇ ಕ್ಲಾಸಿನ ಅರ್ಧದವರೆಗೆ. ಬೀಜಗಣಿತ ಶುರುವಾಯಿತು, ನನ್ನ ಶಾಲೆ ಮುಗಿಯಿತು. ಮುಂದೆ ಮಗಳಿಗೆ ನಾನು ಎಂತ ಹೇಳಿಕೊಡುವುದು ಅನ್ನುವ ಚಿಂತೆ ಇತ್ತು, ಹೋದೆ.

ಮೊದಲ ಭಾನುವಾರ ಪೂರ್ತಿ ಕಾಗದ ಪತ್ರದ್ದು. ಬೇಜಾರು ಬರಬಹುದು ಅಂದುಕೊಂಡಿದ್ದೆ, ಆದರೆ ನನ್ನ ಲೆಕ್ಕದಲ್ಲಿ 300 ರೂಪಾಯಿ ವಸೂಲಾಗಿದ್ದು ಅಲ್ಲೇ. ಮಾಸ್ತರು ಎಲ್ಲರಿಗೂ ಮಗುವಿನ ಟಿಸಿ ಮತ್ತು ಆಧಾರ್ ತರಲು ಹೇಳಿದ್ದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸಿದರು. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು. ಕೋಣೆಯಲ್ಲಿ ಸುಮಾರು ಜನರದ್ದು ಹೊಂದಲಿಲ್ಲ. ಒಂದು ಕಡೆ ಮನೆತನದ ಹೆಸರು ಇದೆ, ಇನ್ನೊಂದು ಕಡೆ ಇಲ್ಲ. ಒಬ್ಬರದ್ದಂತೂ ಮಗ ಹುಟ್ಟಿದ ವರ್ಷವೇ ಬೇರೆ. ಈಗ ಸರಿ ಮಾಡಿಸದಿದ್ದರೆ ಇದೇ ತಪ್ಪು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಹೋಗುತ್ತದೆ. ಮುಂದೆ ಪಾಸ್‌ಪೋರ್ಟಿಗೆ, ಕೆಲಸಕ್ಕೆ ಎಲ್ಲ ಕಡೆ ಆ ಕಾರ್ಡನ್ನೇ ಕೇಳುತ್ತಾರೆ. "ಎಂಟರಲ್ಲಿ ಒಂದು ಅರ್ಜಿ, ಹತ್ತು ದಾಟಿದ ಮೇಲೆ ಹತ್ತು ಆಫೀಸು ಮಾರಾಯ್ರೆ" ಅಂದರು ಮಾಸ್ತರು.

ಆಮೇಲೆ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆ. ಇದರ ಹೆಸರನ್ನೇ ನಾನು ಕೇಳಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಮಾತ್ರ ಬರೆಯಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದ ಒಳಗೆ ಇರಬೇಕು. ಏಳನೇ ಕ್ಲಾಸಿನಲ್ಲಿ ಶೇಕಡಾ 55 ಬಂದಿರಬೇಕು, ಪರಿಶಿಷ್ಟ ಜಾತಿ-ಪಂಗಡದವರಿಗೆ ಐದು ಕಮ್ಮಿ. ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ಎರಡನೇ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಅರ್ಜಿ ಶಾಲೆಯಿಂದಲೇ ಹೋಗುತ್ತದೆ, ಆದರೆ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ನಾವೇ ತರಬೇಕು. ಮಳೆಗಾಲದಲ್ಲಿ ಕರೆಂಟು, ಸರ್ವರ್ ಎರಡೂ ಇಲ್ಲದ ದಿನ ಹೋಗಿ ಕೂರುವ ಬದಲು ಮೇ ತಿಂಗಳಲ್ಲೇ ಮಾಡಿಸಿಬಿಡಿ ಅಂದರು. ನನ್ನ ಪಕ್ಕ ಕೂತಿದ್ದವರ ದೊಡ್ಡ ಮಗ ಆಗಲೇ ಒಂಬತ್ತಕ್ಕೆ ಹೋಗಿಯಾಗಿತ್ತು. ಅವರ ಮುಖ ನೋಡಬೇಕಿತ್ತು.

ಬಸ್ಸಿನ ವಿಷಯ ಬೇಗ ಮುಗಿಸಿದರು. ಹುಡುಗರಿಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಪಾಸಿಗೆ ಅರ್ಜಿ ಹಾಕಬೇಕು. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಸರ್ಕಾರಿ ಬಸ್ಸು ಫ್ರೀ. ನನ್ನ ಟೆಂಪೋಗೆ ಹೆಂಗಸರು ಹತ್ತುವುದು ಕಮ್ಮಿಯಾಗಿದ್ದೂ ಅದರಿಂದಲೇ. ಈಗ ನನ್ನ ಮಗಳೂ ನನ್ನ ಗಾಡಿ ಬಿಟ್ಟು ಬಸ್ಸಿಗೇ ಹೋಗುತ್ತಾಳೆ. ಯಾರಿಗೆ ಹೇಳುವುದು?

ಎರಡನೇ ಭಾನುವಾರ ಓದಿನ ವಿಷಯ. ನಮ್ಮ ಊರಿನ ಶಾಲೆಯಲ್ಲಿ ಒಬ್ಬರೇ ಅಕ್ಕೋರು ದಿನದ ಅರ್ಧ ಹೊತ್ತು ಅದೇ ಮಕ್ಕಳ ಜೊತೆ ಇರುತ್ತಿದ್ದರು. ಮಗುವಿಗೆ ಹುಷಾರಿಲ್ಲ ಅಂದರೂ ಅವರಿಗೆ ಗೊತ್ತಾಗುತ್ತಿತ್ತು, ಮನೆಯಲ್ಲಿ ಜಗಳ ಆದರೂ ಗೊತ್ತಾಗುತ್ತಿತ್ತು. ಹೈಸ್ಕೂಲಿನಲ್ಲಿ ಪಿರಿಯಡ್‌ಗೊಬ್ಬರು. ಇಡೀ ಮಗುವನ್ನು ನೋಡುವವರು ಕ್ಲಾಸ್ ಟೀಚರ್ ಒಬ್ಬರೇ, ಅವರ ಕೈಯಲ್ಲೂ ಐವತ್ತು-ಅರವತ್ತು ಮಕ್ಕಳು ಇರಬಹುದು. ಹಾಗಾಗಿ ಜೂನ್ ತಿಂಗಳಲ್ಲೇ, ದೂರು ಏನೂ ಇಲ್ಲದಾಗಲೇ, ಒಂದು ಸಲ ಹೋಗಿ ಮುಖ ತೋರಿಸಿ ಬನ್ನಿ ಅಂದರು. ಇಂಥವಳ ಅಪ್ಪ ನಾನು, ಇದು ನನ್ನ ನಂಬರು, ಇಷ್ಟೇ. ಟೆಸ್ಟಿನಲ್ಲಿ ಕಮ್ಮಿ ಬಂದ ಮೇಲೆ ಮೊದಲ ಸಲ ಹೋಗುವ ಅಪ್ಪನ ಮಾತು ಜಗಳದ ಹಾಗೆ ಕೇಳಿಸುತ್ತದಂತೆ. ನಾನು ಹೋಗಿ ಬಂದೆ. ಎರಡು ನಿಮಿಷದ ಕೆಲಸ.

ಪಾಠ ಹೇಳಿಕೊಡಲು ಬಾರದ ನಮ್ಮಂಥವರಿಗೆ ಮಾಸ್ತರು ಕೊಟ್ಟ ಉಪಾಯ ನನಗೆ ತುಂಬಾ ಹಿಡಿಸಿತು. ನೋಟ್‌ಬುಕ್ಕಿನಲ್ಲಿ ತಾರೀಕು ನೋಡಿ. ಒಳಗಿನ ಲೆಕ್ಕ ನಿಮಗೆ ಅರ್ಥ ಆಗಬೇಕಿಲ್ಲ. ಸೋಮವಾರದ್ದಿದೆ, ಮಂಗಳವಾರದ್ದಿದೆ, ಬುಧವಾರ ಇಲ್ಲ, ಗುರುವಾರ ಅರ್ಧ ಪುಟ. ಅಂದರೆ ಬುಧವಾರ ಏನೋ ಆಗಿದೆ. ಬೋರ್ಡು ಕಾಣಿಸಲಿಲ್ಲವಾ, ಮಾಸ್ತರು ಹೇಳಿದ್ದು ಬರೆದುಕೊಳ್ಳುವಷ್ಟು ಸ್ಪೀಡ್ ಇಲ್ಲವಾ, ಹಿಂದಿನ ಬೆಂಚಿಗೆ ಹೋಗಿದ್ದಾಳಾ? ಕೇಳಲು ಒಂದು ಪ್ರಶ್ನೆಯಾದರೂ ಸಿಗುತ್ತದೆ. ಕನ್ನಡ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಇಳಿಸಿಕೊಂಡ ಮಕ್ಕಳಿಗೆ ಇಲ್ಲಿ ಬಾಯಲ್ಲಿ ಹೇಳಿದ್ದನ್ನು ಬರೆಯಬೇಕಾಗುತ್ತದೆ. ಮೊದಲ ಎರಡು ತಿಂಗಳು ಎಡವುವುದು ಅಲ್ಲೇ ಅಂತ ಅವರ ಅನುಭವ. ನಮ್ಮನೆಯಲ್ಲಿ ವಿಜ್ಞಾನದ ಪುಸ್ತಕದಲ್ಲಿ ಹೀಗೇ ಆಗಿತ್ತು, ಜೂನ್ ಕೊನೆಗೆ ಸಿಕ್ಕಿಬಿತ್ತು.

"ಇವತ್ತು ಶಾಲೇಲಿ ಎಂತ ಆಯ್ತು?" ಅಂತ ಕೇಳಬೇಡಿ ಅಂದರು ಅಕ್ಕೋರು. "ಎಂತ ಇಲ್ಲ" ಅಂತಲೇ ಉತ್ತರ ಬರುತ್ತದೆ. ಬದಲಿಗೆ ಊಟಕ್ಕೆ ಯಾರ ಪಕ್ಕ ಕೂತಿದ್ದೆ ಅಂತ ಕೇಳಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಹತ್ತನೇ ಕ್ಲಾಸ್ ತನಕ ಬಿಸಿಯೂಟ ಇದೆ. ಏಳಕ್ಕೇ ಮುಗಿಯಿತು ಅಂತ ತಿಳಿದವರು ಅಲ್ಲಿ ಇದ್ದರು. ದಿನಾ ಬೇರೆ ಬೇರೆ ಹೆಸರು ಬಂದರೆ ತೊಂದರೆ ಇಲ್ಲ. ಹೆಸರೇ ಬರದಿದ್ದರೆ, ಅಥವಾ ಊಟವೇ ಮಾಡಲಿಲ್ಲ ಅಂದರೆ, ಆಗ ಗಮನ ಕೊಡಬೇಕು. ಊರಿನ ಶಾಲೆಯಲ್ಲಿ ಹದಿನೈದು ಮಕ್ಕಳ ನಡುವೆ ಇದ್ದವರು ಪೇಟೆ ಶಾಲೆಯಲ್ಲಿ ಒಂಟಿಯಾಗುವುದು ಹೊರಗೆ ಕಾಣುವುದಿಲ್ಲ.

ನಿದ್ದೆಯ ವಿಷಯದಲ್ಲಿ ಗಲಾಟೆಯೇ ಆಯಿತು. ನಮ್ಮ ಕಡೆ ಹೈಸ್ಕೂಲ್ ಅಂದರೆ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓದಲು ಕೂರಿಸುವುದು ಪದ್ಧತಿ. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ತಡವಾಗಿ ಹತ್ತುವುದು ದೇಹದ ಗುಣ, ಅದು ಸೋಮಾರಿತನ ಅಲ್ಲ ಅಂದರು ಮಾಸ್ತರು. ಎಂಟು ಗಂಟೆಯಾದರೂ ನಿದ್ದೆ ಬೇಕು. ಹತ್ತೂವರೆಗೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿದರೆ ಅದು ಮೂರನೇ ಪಿರಿಯಡ್‌ನಲ್ಲಿ ಮಲಗುತ್ತದೆ. ಒಬ್ಬರು ಅಜ್ಜ, ಮೊಮ್ಮಗನ ಪರವಾಗಿ ಬಂದವರು, ಎದ್ದು ನಿಂತು ವಾದ ಮಾಡಿದರು. ತಾವು ನಾಲ್ಕಕ್ಕೆ ಎದ್ದು ದನ ಕಟ್ಟಿ ಓದಿದವರು ಅಂತ. ಎಷ್ಟು ಗಂಟೆಗೆ ಮಲಗುತ್ತಿದ್ದಿರಿ ಅಂತ ಅಕ್ಕೋರು ಕೇಳಿದರು. "ಕತ್ತಲಾದ ಕೂಡಲೇ" ಅಂದರು ಅಜ್ಜ. ಎಲ್ಲರೂ ನಕ್ಕರು, ಅಜ್ಜನೂ ನಕ್ಕ.

ಫೋನಿನ ಬಗ್ಗೆ ಭಾಷಣ ಇರಲಿಲ್ಲ, ಸದ್ಯ. ಹೋಮ್‌ವರ್ಕ್ ವಾಟ್ಸಾಪ್ ಗ್ರೂಪಿಗೆ ಬರುವ ಕಾಲ, ಫೋನ್ ಕೊಡದೆ ಆಗುವುದಿಲ್ಲ. ಅದಕ್ಕೆ ಒಂದೇ ನಿಯಮ. ಗ್ರೂಪಿನಲ್ಲಿ ಇರುವುದು ಅಪ್ಪನ ಅಥವಾ ಅಮ್ಮನ ನಂಬರು, ನೋಡಿ ಪುಸ್ತಕಕ್ಕೆ ಬರೆದುಕೊಂಡು ಫೋನ್ ವಾಪಸ್. ನಾನು ಮನೆಗೆ ಬರುವುದು ರಾತ್ರಿ ಎಂಟಕ್ಕೆ, ಆದ್ದರಿಂದ ನಮಗೆ ಇದು ಅರ್ಧಂಬರ್ಧ ನಡೆಯುತ್ತಿದೆ.

ಬ್ಯಾಗ್ ತೂಕದ ಪ್ರಯೋಗ ಮಜಾ ಇತ್ತು. ಯಾರದ್ದೋ ದೊಡ್ಡ ಮಗಳ ಬ್ಯಾಗನ್ನು ಮೀನು ತೂಗುವ ಕೊಕ್ಕೆ ತಕ್ಕಡಿಗೆ ತೂಗಿಹಾಕಿದರು. ಏಳು ಕಿಲೋ ತೋರಿಸಿತು. ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಆರರಿಂದ ಎಂಟನೇ ಕ್ಲಾಸಿಗೆ ಮೂರರಿಂದ ನಾಲ್ಕು ಕಿಲೋ ಮಾತ್ರ. ಟೈಮ್ ಟೇಬಲನ್ನು ಮನೆ ಬಾಗಿಲಿಗೆ ಅಂಟಿಸಿ, ರಾತ್ರಿ ಮಗುವೇ ಬ್ಯಾಗ್ ತುಂಬಲಿ, ನೀವು ಕೈ ಹಾಕಬೇಡಿ ಅಂದರು. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಸಬೇಕು. ಬ್ಯಾಗಿನ ಒಳಗೆ ಪುಸ್ತಕಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು. ಜುಲೈ ಮಳೆಗೆ ಯಾವ ರೇನ್‌ಕವರ್ ಕೂಡ ಸಾಕಾಗುವುದಿಲ್ಲ.

ಮಳೆ ಅಂದ ಮೇಲೆ, ಈ ಕ್ಲಾಸಿನಲ್ಲಿ ಇಲ್ಲದ ಒಂದು ವಿಷಯವನ್ನು ನಾನೇ ಎತ್ತಿದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತಲ್ಲ, ಆಗ ಆ ರಸ್ತೆಯಲ್ಲಿ ಓಡಾಡುವವರೆಲ್ಲ ಎಲ್ಲೆಲ್ಲೋ ಸಿಕ್ಕಿಬಿದ್ದರು. ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಸರಿ. ಆದರೆ ಮಕ್ಕಳು ಶಾಲೆಗೆ ಹೋದ ಮೇಲೆ ರಸ್ತೆ ಬಂದ್ ಆದರೆ? ಪೇಟೆಯಲ್ಲಿ ಮಗು ಯಾರ ಮನೆಗೆ ಹೋಗಬೇಕು, ಯಾರ ನಂಬರ್ ಬಾಯಿಪಾಠ ಇರಬೇಕು? ಮಾಸ್ತರು ಒಂದು ಗಳಿಗೆ ಸುಮ್ಮನಿದ್ದು, ಬೋರ್ಡಿನ ಮೇಲೆ ಬರೆದರು. ಅವತ್ತೇ ಎಲ್ಲರೂ ಪೇಟೆಯ ಒಂದು ಮನೆಯ ಹೆಸರು ಬರೆದುಕೊಂಡರು. ನಮ್ಮದು ಹೆಂಡತಿಯ ಚಿಕ್ಕಮ್ಮನ ಮನೆ. ಮುಂದಿನ ವರ್ಷದ ಝೆರಾಕ್ಸಿನಲ್ಲಿ ಇದು ಇರುತ್ತದೆ ಅಂತ ಮಾತು ಕೊಟ್ಟಿದ್ದಾರೆ.

ಈಗ ಬೈಯುವುದು. ಮೂರನೇ ಭಾನುವಾರ ಹೆಣ್ಣುಮಕ್ಕಳ ಮುಟ್ಟಿನ ವಿಷಯ ಅಂತ ಗಂಡಸರನ್ನೆಲ್ಲ ಕೆಳಗೆ ಕಳಿಸಿದರು. ಚಾ ಮತ್ತು ಅವಲಕ್ಕಿ ಕೊಟ್ಟು ಕೂರಿಸಿದರು. ಅವಲಕ್ಕಿ ಚೆನ್ನಾಗಿತ್ತು, ಅದು ಬೇರೆ ಮಾತು. ಆದರೆ ಯೋಚನೆ ಮಾಡಿ. ನನ್ನ ಹೆಂಡತಿ ಫ್ಯಾಕ್ಟರಿ ಒಳಗೆ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಶಾಲೆಯಲ್ಲಿ ಬರೆಸಿರುವುದು ನನ್ನ ನಂಬರು. ಮಗಳಿಗೆ ಶಾಲೆಯಲ್ಲೇ ಶುರುವಾದರೆ ಫೋನ್ ಬರುವುದು ನನಗೆ, ಗಾಡಿ ನಿಲ್ಲಿಸಿ ಓಡಬೇಕಾದವನು ನಾನು. ಅದನ್ನು ನನಗೆ ಹೇಳದೆ ಇನ್ಯಾರಿಗೆ ಹೇಳುತ್ತಾರೆ? ಮುಗಿದ ಮೇಲೆ ಅಕ್ಕೋರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದೆ. ಅವರಿಗೂ ಸ್ವಲ್ಪ ಮುಜುಗರ, ನನಗೂ. ಆದರೂ ಹೇಳಿದರು. ಬ್ಯಾಗಿನ ಒಂದು ಜೇಬಿನಲ್ಲಿ ಪ್ಯಾಡ್ ಮತ್ತು ಯೂನಿಫಾರ್ಮಿನ ಇನ್ನೊಂದು ಪ್ಯಾಂಟ್ ಸದಾ ಇರಲಿ. ಶಾಲೆಯಲ್ಲಿ ಯಾವ ಅಕ್ಕೋರ ಹತ್ತಿರ ಹೋಗಬೇಕು ಅಂತ ಮೊದಲೇ ಮಗಳಿಗೆ ಗೊತ್ತಿರಲಿ. ಸರ್ಕಾರದ ಶುಚಿ ಯೋಜನೆಯಲ್ಲಿ 10ರಿಂದ 18 ವರ್ಷದ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವುದಿದೆ, ಶಾಲೆಯಲ್ಲಿ ವಿಚಾರಿಸಿ. ಐದು ನಿಮಿಷ ಸಾಕಾಯಿತು. ಇದನ್ನು ಮೇಲೆ ಎಲ್ಲರ ಎದುರು ಹೇಳಿದ್ದರೆ ಎಂತ ಆಗುತ್ತಿತ್ತು? ಐದು ಸ್ಟಾರಿನಲ್ಲಿ ಒಂದು ಕಟ್ ಮಾಡಿದ್ದು ಇದಕ್ಕೇ.

ಇನ್ನೊಂದು ಅರ್ಧ ಸ್ಟಾರ್ ಇಂಗ್ಲಿಷ್ ಮೀಡಿಯಂ ವಿಷಯಕ್ಕೆ. ಏಳರವರೆಗೆ ಕನ್ನಡ ಮೀಡಿಯಂ ಓದಿ ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಸೇರಿಸುವವರು ಕೋಣೆಯಲ್ಲಿ ಅರ್ಧದಷ್ಟಿದ್ದರು. ಅವರಿಗೆ ಸಿಕ್ಕಿದ್ದು ಗಣಿತ-ವಿಜ್ಞಾನದ ಪದಗಳನ್ನು ಎರಡು ಭಾಷೆಯಲ್ಲಿ ಬರೆದ ಎರಡು ಹಾಳೆ ಝೆರಾಕ್ಸ್ ಮಾತ್ರ. ಮಾಸ್ತರಿಗೆ ಈ ಬದಲಾವಣೆ ಇಷ್ಟ ಇಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಇಷ್ಟ ಇಲ್ಲದಿರಲಿ, ಆದರೆ ಬಂದವರು ದುಡ್ಡು ಕೊಟ್ಟಿದ್ದಾರಲ್ವಾ? ಮೊದಲ ಭಾಷೆಯಾಗಿ ಕನ್ನಡವೋ ಸಂಸ್ಕೃತವೋ ಅನ್ನುವುದಕ್ಕೂ ಇಷ್ಟೇ. ಮಾರ್ಕ್ಸ್ ಬರುತ್ತದೆ ಅಂತ ಸಂಸ್ಕೃತ ತಗೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ಮಗುವನ್ನೇ ಕೇಳಿ ಅಂತ ಹೇಳಿ ಮುಂದೆ ಹೋದರು. ನಮ್ಮವಳು ಕನ್ನಡ ಅಂದಳು.

ಜುಲೈನಲ್ಲಿ ಮತ್ತೊಮ್ಮೆ ಸೇರಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಮಳೆಗೆ ಅರ್ಧ ಜನ ಬರಲಿಲ್ಲ. ಬಂದವರಿಗೆ ಅದೇ ಒಳ್ಳೆಯದಾಯಿತು, ಒಬ್ಬೊಬ್ಬರ ಮಾತನ್ನೂ ಕೂತು ಕೇಳಿದರು. ಮೊದಲ ಟೆಸ್ಟಿನ ಮಾರ್ಕ್ಸ್ ಎಲ್ಲ ವಿಷಯದಲ್ಲೂ ಇಳಿದಿದ್ದರೆ ಅದು ಹೊಸ ಜಾಗದ ಗಾಬರಿ, ಕಾಯಿರಿ. ಒಂದೇ ವಿಷಯದಲ್ಲಿ ಇಳಿದಿದ್ದರೆ ಆ ವಿಷಯದ ಮಾಸ್ತರನ್ನು ಕಾಣಿ. ಟ್ಯೂಷನ್ ಮಾತು ದಸರಾ ರಜೆ ಆದ ಮೇಲೆ. ಈ ಒಂದು ಮಾತಿನಿಂದ ನನಗೆ ತಿಂಗಳಿಗೆ 600 ರೂಪಾಯಿ ಉಳಿದಿದೆ, ಸದ್ಯಕ್ಕೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹತ್ತನೇ ಕ್ಲಾಸ್ ದಾಟಿದ ದೊಡ್ಡ ಮಗು ಮನೆಯಲ್ಲಿ ಇದ್ದರೆ ನಿಮಗೆ ಇದರಲ್ಲಿ ಹೊಸದು ಕಮ್ಮಿ, ಎನ್‌ಎಂಎಂಎಸ್ ವಿಷಯ ಇಲ್ಲೇ ಓದಿದ್ದೀರಿ, ಸಾಕು. ಮೊದಲ ಮಗುವಾದರೆ ಹೋಗಿ. ಗಂಡ-ಹೆಂಡತಿ ಇಬ್ಬರೂ ಹೋಗುವುದಾದರೆ ಇನ್ನೂ ಒಳ್ಳೆಯದು, ಕೆಳಗೆ ಕಳಿಸಿದರೆ ಗಂಡಸರು ಏಳಬೇಡಿ. ಮಹಡಿಗೆ ಸಿಮೆಂಟ್ ಶೀಟಿನ ಮಾಡು, ಮೇ ತಿಂಗಳ ಸೆಕೆ, ಎರಡೇ ಫ್ಯಾನು. ಹತ್ತೂವರೆಗೆ ಶುರು ಅಂದರೂ ಹತ್ತಕ್ಕೇ ಹೋಗಿ ಫ್ಯಾನಿನ ಕೆಳಗೆ ಜಾಗ ಹಿಡಿಯಿರಿ. ಗಾಡಿ ಓಣಿಯ ಒಳಗೆ ತರಬೇಡಿ, ತಿರುಗಿಸಲು ಆಗುವುದಿಲ್ಲ.