ಫೆರಿಯಲ್ಲಿ ಖಾಸಗಿ ಕ್ಯಾಬಿನ್ ಕಾಯ್ದಿರಿಸುವ ಮುನ್ನ ಡೆಕ್ ನಕ್ಷೆ ನೋಡಿಕೊಳ್ಳಿ

ವಾಹನಗಳನ್ನೂ ಹೊತ್ತೊಯ್ಯುವ ರಾತ್ರಿ ಫೆರಿಯೊಂದರಲ್ಲಿ ಖಾಸಗಿ ಕ್ಯಾಬಿನ್ ಕಾಯ್ದಿರಿಸಿ, ಎಪ್ಪತ್ತು ದಾಟಿದ ನನ್ನ ತಾಯಿಯವರೊಂದಿಗೆ ಕಳೆದ ಒಂದು ರಾತ್ರಿಯ ಬಗ್ಗೆ ಬರೆಯುತ್ತಿದ್ದೇನೆ. ಹಡಗಿನವರು ನಮಗೆ ಮೋಸ ಮಾಡಲಿಲ್ಲ. ಟಿಕೆಟ್ಟಿನಲ್ಲಿ ‘ಒಳ ಕ್ಯಾಬಿನ್, ಎರಡು ಬರ್ತ್, ಶೌಚಾಲಯ ಸಹಿತ’ ಎಂದಿತ್ತು, ಅಷ್ಟನ್ನೂ ಕೊಟ್ಟರು. ಆ ಕ್ಯಾಬಿನ್ ಹಡಗಿನ ಯಾವ ಮೂಲೆಯಲ್ಲಿದೆ ಎಂಬುದನ್ನು ಮಾತ್ರ ಟಿಕೆಟ್ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮುಂದಿನ ತೊಂದರೆಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಕೀಲಿ ಕಾರ್ಡ್ ಪಡೆದು ಹೊರಟಾಗ ನಮ್ಮ ದಾರಿ ಮೇಲಕ್ಕಲ್ಲ, ಕೆಳಕ್ಕೆ ಎಂದು ತಿಳಿಯಿತು. ಆಗಷ್ಟೇ ಕಾರು ನಿಲ್ಲಿಸಿ ಬಂದಿದ್ದ ವಾಹನಗಳ ಡೆಕ್ಕನ್ನೂ ದಾಟಿ ಇನ್ನೂ ಕೆಳಗಿಳಿದ ಮೇಲೆ, ಹಡಗಿನ ಹಿಂತುದಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ನಮ್ಮ ಕೋಣೆ ಸಿಕ್ಕಿತು. ಕಿಟಕಿಯಿರಲಿಲ್ಲ; ಅದು ನಮಗೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ನಡುಕ. ಹಡಗು ಹೊರಟ ಹತ್ತು ನಿಮಿಷದೊಳಗೆ ಪುಟ್ಟ ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಏಳತೊಡಗಿದವು, ಬೆಳಗಿನವರೆಗೂ ಅವು ನಿಲ್ಲಲಿಲ್ಲ. ಎಂಜಿನ್ ಮತ್ತು ಪ್ರೊಪೆಲ್ಲರುಗಳ ಸಮೀಪದ ಕ್ಯಾಬಿನ್ನುಗಳಲ್ಲಿ ಆ ಕಂಪನ ಗೋಡೆ, ಮಂಚ, ದಿಂಬುಗಳ ಮೂಲಕ ತಲೆಯೊಳಗೇ ಇಳಿಯುತ್ತದೆ. ಮೇಲಿನ ಡೆಕ್ಕಿನಲ್ಲಿ ಲಾರಿಗಳನ್ನು ಬಿಗಿದಿದ್ದ ಸರಪಳಿಗಳು ಕಿರುಗುಟ್ಟುತ್ತಿದ್ದವು, ಓಲಾಟಕ್ಕೆ ಯಾರದೋ ಕಾರಿನ ಅಲಾರಾಂ ಮತ್ತೆ ಮತ್ತೆ ಕೂಗಿಕೊಳ್ಳುತ್ತಿತ್ತು.

ನಡುರಾತ್ರಿಯ ಹೊತ್ತಿಗೆ ಅಲೆಗಳು ದೊಡ್ಡದಾದವು. ಅಲೆ ಎದುರಿನಿಂದ ಬಂದಾಗ ಹಡಗು ಏತದ ಮರದಂತೆ ಆಡುತ್ತದೆ: ಎರಡೂ ತುದಿಗಳು ಏರಿಳಿಯುತ್ತವೆ, ನಡುಭಾಗ ಹೆಚ್ಚು ಅಲುಗುವುದಿಲ್ಲ. ತುದಿಯಲ್ಲಿ ಮಲಗಿದ್ದ ತಾಯಿಯವರಿಗೆ ವಾಂತಿ ಶುರುವಾಯಿತು. ವಾಂತಿಯ ಮಾತ್ರೆಯೂ ಅವರು ರಾತ್ರಿ ತಪ್ಪದೆ ತೆಗೆದುಕೊಳ್ಳಬೇಕಾದ ರಕ್ತದೊತ್ತಡದ ಮಾತ್ರೆಯೂ ಇದ್ದ ಚೀಲವನ್ನು ನಾನು ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಬಂದಿದ್ದೆ. ಒಂದು ಮಹಡಿಯ ಅಂತರ, ತಂದರಾಯಿತು ಎಂದುಕೊಂಡು ಹೋದರೆ ವಾಹನಗಳ ಡೆಕ್ಕಿನ ಬಾಗಿಲಿಗೆ ಬೀಗ ಬಿದ್ದಿತ್ತು. ಹಡಗು ಸಾಗುತ್ತಿರುವಾಗ ಪ್ರಯಾಣಿಕರನ್ನು ಅಲ್ಲಿಗೆ ಬಿಡುವುದಿಲ್ಲ ಎಂಬುದು ಸುರಕ್ಷತೆಯ ನಿಯಮ, ಮತ್ತು ಅದು ಸರಿಯಾದ ನಿಯಮವೇ. ಸಿಬ್ಬಂದಿಯೊಬ್ಬರು ಅಧಿಕಾರಿಯ ಅನುಮತಿ ಪಡೆದು, ನನ್ನೊಂದಿಗೆ ಬಂದು ಚೀಲ ತೆಗೆಸಿಕೊಡುವ ಹೊತ್ತಿಗೆ ಒಂದು ಗಂಟೆಗೂ ಹೆಚ್ಚು ಕಳೆದಿತ್ತು. ಅವರ ಉಪಕಾರವನ್ನು ಮರೆಯಲಾರೆ. ಆದರೆ ವಾಂತಿಯ ಮಾತ್ರೆ ಹಡಗು ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಹೊಟ್ಟೆಗೆ ಸೇರಬೇಕು. ವಾಂತಿ ಹಿಡಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಲೇ ಇಲ್ಲ.

ಇಷ್ಟು ಮಾತ್ರ ಆಗಿದ್ದರೆ ಕೆಟ್ಟ ನಿದ್ದೆಯ ಕಥೆ ಎಂದು ಸುಮ್ಮನಿರುತ್ತಿದ್ದೆ. ಔಷಧಿಯ ಚೀಲ ಹಿಡಿದು ಹಿಂತಿರುಗುವಾಗ, ಒಂದೇ ಬಣ್ಣದ ಬಾಗಿಲುಗಳ ಸಾಲಿನಲ್ಲಿ ನಮ್ಮ ಕೋಣೆ ಯಾವುದೆಂದು ತಿಳಿಯದೆ ಎರಡು ಬಾರಿ ದಾರಿ ತಪ್ಪಿದೆ. ದೀಪವಿದ್ದಾಗಲೇ ಹೀಗಾದರೆ, ಹೊಗೆ ತುಂಬಿದಾಗ ತಾಯಿಯವರ ಕೈ ಹಿಡಿದು ಮೇಲೆ ಬರುವುದು ಹೇಗೆ ಎಂಬ ಯೋಚನೆ ಬಂದದ್ದು ಆಗ. 1994ರ ಸೆಪ್ಟೆಂಬರ್ 28ರ ಬೆಳಗಿನ ಜಾವ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಎಂಬ ಫೆರಿ ಮುಳುಗಿ 852 ಜನ ಸತ್ತರು. ಮುಂಭಾಗದ ಕವಚ ಕಳಚಿ ವಾಹನಗಳ ಡೆಕ್ಕಿಗೆ ನೀರು ನುಗ್ಗಿತ್ತು. ಆ ಹಡಗಿನಲ್ಲೂ ವಾಹನಗಳ ಡೆಕ್ಕಿನ ಕೆಳಗೆ ಪ್ರಯಾಣಿಕರ ಕ್ಯಾಬಿನ್ನುಗಳಿದ್ದವು. ಆ ದುರಂತದ ನಂತರ ನಿಯಮಗಳು ಬಿಗಿಯಾಗಿವೆ, ಭಯಪಡಿಸುವುದು ನನ್ನ ಉದ್ದೇಶವಲ್ಲ. ಆದರೂ ಹೊರಹೋಗುವ ದಾರಿಯನ್ನು ಕಣ್ಣಾರೆ ನೋಡದೆ ಮಲಗಿದ್ದು ನನ್ನ ದೊಡ್ಡ ತಪ್ಪು. 24 ಗಂಟೆಗಿಂತ ಹೆಚ್ಚಿನ ಪ್ರಯಾಣವಾದರೆ ಎಲ್ಲರನ್ನೂ ಸೇರಿಸಿ ತುರ್ತು ಸಂದರ್ಭದ ಅಭ್ಯಾಸ ಮಾಡಿಸುವುದು ಅಂತರರಾಷ್ಟ್ರೀಯ ನಿಯಮದಂತೆ ಕಡ್ಡಾಯ; ಒಂದು ರಾತ್ರಿಯ ಫೆರಿಯಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕದ ಸೂಚನೆಯಷ್ಟೇ ಇರುತ್ತದೆ, ಅದನ್ನು ನಾವು ಸಾಮಾನು ಜೋಡಿಸುವ ಗಡಿಬಿಡಿಯಲ್ಲಿ ಕೇಳಿಸಿಕೊಂಡಿರಲೇ ಇಲ್ಲ. ಏಳು ಗಿಡ್ಡ ಸದ್ದು, ಬಳಿಕ ಒಂದು ಉದ್ದ ಸದ್ದು ಕೇಳಿದರೆ ಅದು ತುರ್ತು ಸಂಕೇತ. ಆಗ ಎಲ್ಲಿ ಸೇರಬೇಕು ಎಂಬುದು ಬಾಗಿಲ ಹಿಂದಿನ ಫಲಕದಲ್ಲಿದೆ ಎಂದು ಬೆಳಿಗ್ಗೆ ಕೋಟು ತೆಗೆಯುವಾಗ ನೋಡಿದೆ. ಕೋಟನ್ನು ನಾನು ಆ ಫಲಕದ ಮೇಲೇ ತೂಗುಹಾಕಿದ್ದೆ.

ಆದ್ದರಿಂದ ಹಣ ಕಟ್ಟುವ ಮುನ್ನ ಡೆಕ್ ನಕ್ಷೆಯನ್ನು ತೆರೆದು, ಕ್ಯಾಬಿನ್ ವಾಹನಗಳ ಡೆಕ್ಕಿನ ಮೇಲಿದೆಯೇ ಕೆಳಗಿದೆಯೇ, ನಡುಭಾಗದಲ್ಲಿದೆಯೇ ತುದಿಯಲ್ಲಿದೆಯೇ ಎಂದು ನೋಡಿ; ನಕ್ಷೆಯಿಲ್ಲದಿದ್ದರೆ ಫೋನು ಮಾಡಿ ಕೇಳಿ. ತೀರಾ ಮೇಲಿನ ಡೆಕ್ಕೂ ಬೇಡ, ಅಲ್ಲಿ ಪಕ್ಕದ ಓಲಾಟ ಹೆಚ್ಚು. ಬರ್ತ್ ಲೆಕ್ಕದಲ್ಲಿ ಹಣ ಪಡೆಯುವ ಕಡೆಗಳಲ್ಲಿ ಅಪರಿಚಿತರೂ ಅದೇ ಕೋಣೆಗೆ ಬರಬಹುದು, ಅದನ್ನೂ ವಿಚಾರಿಸಿ. ರಾತ್ರಿಗೆ ಬೇಕಾದ ಔಷಧಿ, ಕನ್ನಡಕ, ಬೆಚ್ಚನೆಯ ಬಟ್ಟೆ ಕೈಚೀಲದಲ್ಲೇ ಇರಲಿ.

ಹಿಂತಿರುಗುವ ಪ್ರಯಾಣಕ್ಕೆ ವ್ಯತ್ಯಾಸದ ಹಣ ಕಟ್ಟಿ, ವಾಹನಗಳ ಡೆಕ್ಕಿಗಿಂತ ಮೇಲೆ, ನಡುಭಾಗದ ಕ್ಯಾಬಿನ್ ಪಡೆದೆವು. ಚೀಲಗಳನ್ನು ಒಳಗಿಟ್ಟೊಡನೆ ತಾಯಿಯವರು ನನ್ನ ತೋಳು ಹಿಡಿದು, ಬಾಗಿಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತ ಮೆಟ್ಟಿಲವರೆಗೆ ನಡೆದರು. ಎಡಗಡೆಗೆ ಹನ್ನೊಂದು ಬಾಗಿಲು.