ಕಿಯಾಂತಿ ತೋಟಗಳಲ್ಲಿ ತಿಕೋಟಾದ ರೈತನ ಜೊತೆ ಒಂದು ದಿನ

ಮೊದಲೇ ಹೇಳಿಬಿಡುತ್ತೇನೆ, ನಮ್ಮಪ್ಪ ಕುಡಿಯುವುದಿಲ್ಲ. ಆದರೂ ಈ ವೈನರಿ ಟ್ರಿಪ್ಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಖುಷಿ ಪಟ್ಟವರು ಅವರೇ.

ಅಪ್ಪನದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಕತ್ತರಿಸುವ ಕೆಲಸಕ್ಕೆ, ಮುಂಚೆ ಅವರಿಗೆ ಸ್ವಲ್ಪ ಬಿಡುವು ಇರುತ್ತದೆ. ಹಾಗಾಗಿ ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿರುವ ನಮ್ಮ ಮನೆಗೆ ಕರೆಸಿಕೊಂಡೆ, ಅಲ್ಲಿಂದ ಇಬ್ಬರೂ ಇಟಲಿಗೆ ಹೋದೆವು. ಫ್ಲಾರೆನ್ಸಿನಲ್ಲಿ ಎರಡು ದಿನ ಚರ್ಚು, ಮ್ಯೂಸಿಯಂ ನೋಡಿ ಸುಸ್ತಾಗಿದ್ದ ಅಪ್ಪನನ್ನು ಮೂರನೇ ದಿನ ಪಕ್ಕದ ವೈನ್ ಸೀಮೆ ಕಿಯಾಂತಿಗೆ ಕರೆದುಕೊಂಡು ಹೋದೆ. ತಲೆಗೆ 140 ಯೂರೋ. ಬೆಳಿಗ್ಗೆ 9ಕ್ಕೆ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ ಹತ್ತಿರ ಹತ್ತಿಸಿಕೊಂಡು ಸಂಜೆ 6ಕ್ಕೆ ಅಲ್ಲೇ ಬಿಟ್ಟರು. ವ್ಯಾನಿನಲ್ಲಿ ನಾವು 8 ಜನ ಮತ್ತು ಗೈಡ್ ಹುಡುಗಿ, ಓಡಿಸಿದವಳೂ ಅವಳೇ. ಕಂಪನಿಯ ಹೆಸರು ಹಾಕುತ್ತಿಲ್ಲ. ಇಂಥ ಟ್ರಿಪ್ ಮಾಡಿಸುವವರು ಅಲ್ಲಿ ಬಹಳ ಜನ ಇದ್ದಾರೆ, ಯಾರ ಜೊತೆ ಹೋದರೂ ಮುಂಚೆ ಏನು ಕೇಳಬೇಕು ಅನ್ನುವುದಷ್ಟೇ ಮುಖ್ಯ, ಅದನ್ನು ಕೆಳಗೆ ಬರೆದಿದ್ದೇನೆ.

ಫ್ಲಾರೆನ್ಸಿಗೂ ಸಿಯೆನಾಗೂ ನಡುವಿನ ಗುಡ್ಡಗಳೇ ಕಿಯಾಂತಿ ಕ್ಲಾಸಿಕೊ. ಬಾಟಲಿ ಮೇಲೆ ಕಪ್ಪು ಹುಂಜದ ಗುರುತು ಇರುತ್ತದಲ್ಲ, ಅದೇ. 1716ರಲ್ಲೇ ಇಲ್ಲಿನ ದೊರೆ ಮೂರನೇ ಕೊಸಿಮೊ ಕಿಯಾಂತಿಗೆ ಗಡಿ ಹಾಕಿದ್ದನಂತೆ. ಬರೀ ಕಿಯಾಂತಿ ಅಂತ ಬರೆದ ಬಾಟಲಿ ಬೇರೆ, ಕ್ಲಾಸಿಕೊ ಬೇರೆ. ಕ್ಲಾಸಿಕೊದಲ್ಲಿ ಕನಿಷ್ಠ 80 ಪರ್ಸೆಂಟ್ ಸ್ಯಾಂಜೊವೇಸೆ ತಳಿಯ ದ್ರಾಕ್ಷಿ ಇರಲೇಬೇಕು. ದಾರಿ ಪೂರ್ತಿ ತಿರುವು, ವಾಂತಿ ಬರುವವರು ಮುಂದೆ ಕೂತುಕೊಳ್ಳಿ.

ಮೊದಲನೇ ತೋಟ ಗ್ರೇವೆ ಊರಿನಿಂದ ಮೇಲಕ್ಕೆ. ಸುಮಾರು 4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 10 ಎಕರೆ. ಗಂಡ, ಹೆಂಡತಿ, ಗಂಡನ ತಾಯಿ, ಅಷ್ಟೇ ಜನ. ಕೊಯ್ಲು ನಡೆಯುತ್ತಿತ್ತು. ನಮ್ಮನ್ನು ನೋಡಿ ಆ ಮನುಷ್ಯ ಕತ್ತರಿ ಜೇಬಿಗೆ ಹಾಕಿಕೊಂಡು ಬಂದ. ಕೈ ಪೂರ್ತಿ ನೇರಳೆ ಬಣ್ಣ. ಅಪ್ಪ ಅವನ ಕೈ ನೋಡಿದರು, ಆಮೇಲೆ ಸಾಲಿನೊಳಗೆ ಹೋಗಿ ಬಳ್ಳಿಯ ಬುಡದಲ್ಲಿ ಕೂತು ಕಸಿ ಗಂಟನ್ನು ಮುಟ್ಟಿ ನೋಡಿದರು. ಅಲ್ಲಿಂದ ಶುರುವಾದ ಮಾತು ಮುಗಿಯಲೇ ಇಲ್ಲ. ಅವನು ಇಟಾಲಿಯನ್‌ನಲ್ಲಿ ಹೇಳುವುದು, ಗೈಡ್ ಇಂಗ್ಲಿಷಿಗೆ ತರುವುದು, ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳುವುದು.

ನಮ್ಮ ಕಡೆ ಡಾಗ್‌ರಿಡ್ಜ್ ಅನ್ನುವ ಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟುತ್ತಾರೆ, ಉಪ್ಪು ನೀರು, ಬರ ಎರಡನ್ನೂ ತಡೆಯುತ್ತದೆ ಅಂತ. ಅದು ಅಮೆರಿಕದ ಬೇರು. ಇಲ್ಲಿಯವರೂ ಅಮೆರಿಕದ ಬೇರಿಗೇ ಕಸಿ ಕಟ್ಟುತ್ತಾರೆ, ಕಾರಣ ಮಾತ್ರ ಬೇರೆ. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಹುಳ ಯುರೋಪಿನ ತೋಟಗಳ ಬೇರು ತಿಂದು ಹಾಕಿತ್ತು. ಅದನ್ನು ತಾಳಿಕೊಳ್ಳುವ ಬೇರು ಅಮೆರಿಕದ ಬಳ್ಳಿಯದೇ. ಚಾಟ್ನಿ ಇಲ್ಲಿ ವರ್ಷಕ್ಕೆ ಒಂದೇ, ಚಳಿಗಾಲದಲ್ಲಿ, ಎಲೆ ಉದುರಿ ಬಳ್ಳಿ ಮಲಗಿದಾಗ. ನಮ್ಮಲ್ಲಿ ಬಳ್ಳಿ ಹಾಗೆ ಮಲಗುವುದೇ ಇಲ್ಲ, ಅದಕ್ಕೇ ಏಪ್ರಿಲ್ ಒಂದು, ಅಕ್ಟೋಬರ್ ಒಂದು ಅಂತ ಅಪ್ಪ ಹೇಳಿದಾಗ ಆತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

"ಎಕರೆಕ ಎಷ್ಟ ಟನ್ ತೆಗಿತಾರ, ಕೇಳವ್ವಾ" ಅಂದರು ಅಪ್ಪ. ಹೆಕ್ಟೇರಿಗೆ ಏಳೂವರೆ ಟನ್ನಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ, ಕಾನೂನೇ ಹಾಗಿದೆ. ಅಂದರೆ ಎಕರೆಗೆ 3 ಟನ್. ಜಾಸ್ತಿ ಗೊನೆ ಕಂಡರೆ ಕಾಯಿದ್ದಾಗಲೇ ಕತ್ತರಿಸಿ ನೆಲಕ್ಕೆ ಬಿಡುತ್ತಾರೆ, ಉಳಿದ ಗೊನೆಗೆ ರುಚಿ ಕೂಡಲಿ ಅಂತ. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ತೂಕಕ್ಕೆ ಮಾರುವ ನಮಗೆ ಅದು ಸುಲಭಕ್ಕೆ ಒಳಗಿಳಿಯುವ ಮಾತಲ್ಲ.

ಆಮೇಲೆ ಅಜ್ಜಿ ನಮ್ಮನ್ನು ಅಟ್ಟಕ್ಕೆ ಕರೆದುಕೊಂಡು ಹೋದರು. ಈ ಟ್ರಿಪ್ಪಿನಲ್ಲಿ ನನಗೆ ಮರೆಯಲಾಗದ್ದು ಅದೇ. ಕಿಟಕಿ ತೆರೆದ ಕೋಣೆ, ಬಿದಿರು ಚಾಪೆಯಂಥ ತಟ್ಟಿಗಳು ಒಂದರ ಮೇಲೊಂದು, ಮೇಲೆಲ್ಲ ಬಿಳಿ ದ್ರಾಕ್ಷಿ ಗೊನೆ ಹರವಿದ್ದಾರೆ. ವಿನ್ ಸಾಂತೊ ಅನ್ನುವ ಸಿಹಿ ವೈನಿಗೆ ತ್ರೆಬ್ಬಿಯಾನೊ, ಮಾಲ್ವಾಸಿಯಾ ತಳಿಯ ಹಣ್ಣನ್ನು ತಿಂಗಳುಗಟ್ಟಲೆ ಹೀಗೆ ಗಾಳಿಗೆ ಒಣಗಿಸಿ, ಹಿಂಡಿ, ಚಿಕ್ಕ ಪೀಪಾಯಿಗಳಲ್ಲಿ ಮುಚ್ಚಿ ವರ್ಷಗಟ್ಟಲೆ ಇಡುತ್ತಾರೆ. "ಇದು ನಮ್ಮ ಶೆಡ್ಡನ ಐತಲ್ಲವ್ವಾ!" ಅಂದರು ಅಪ್ಪ. ನಿಜ. ನಾವು ಥಾಮ್ಸನ್ ತಳಿಯ ಹಣ್ಣನ್ನು ಬೇಗ ಒಣಗಲಿ ಅಂತ ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಜಾಲರಿ ಮೇಲೆ ಹರವುತ್ತೇವೆ, ಎರಡು ಮೂರು ವಾರದಲ್ಲಿ ಒಣದ್ರಾಕ್ಷಿ. ಇಲ್ಲಿ ಏನೂ ಅದ್ದುವುದಿಲ್ಲ, ಅವಸರವೂ ಇಲ್ಲ. ಅಪ್ಪ ನನಗೆ ಅಂತ ತಂದಿದ್ದ ಮನೆಯ ಒಣದ್ರಾಕ್ಷಿ ನನ್ನ ಬ್ಯಾಗಿನಲ್ಲಿತ್ತು. ಒಂದು ಹಿಡಿ ಅಜ್ಜಿಯ ಕೈಗೆ ಹಾಕಿದರು. ಅವರು ಒಂದೊಂದೇ ತಿಂದು, ಹಸಿರು ಬಣ್ಣ ಹೇಗೆ ಉಳಿಯಿತು ಅಂತ ಕೇಳಿದರು. ನೆರಳಲ್ಲಿ ಒಣಗಿಸುತ್ತೇವೆ ಅಂತ ನಾನು ಹೇಳುವುದಕ್ಕೂ ಮುಂಚೆ ಅಪ್ಪ ಕೈಸನ್ನೆಯಲ್ಲೇ ಹೇಳಿ ಮುಗಿಸಿದ್ದರು.

ಕುಡಿಯದವರಿಗೆ ಏನು ಅಂತ ಕೇಳುವವರಿಗೆ: ಕೊಯ್ಲಿನ ಸಮಯವಾದ್ದರಿಂದ ಅಪ್ಪನಿಗೆ ಆಗತಾನೇ ಹಿಂಡಿದ ರಸ ಕೊಟ್ಟರು. ನಾನು ಮೂರು ವೈನ್ ರುಚಿ ನೋಡಿದೆ. ಒಂದು ವರ್ಷದ್ದು ಹುಳಿ, ಚುರುಕು. ಎರಡು ವರ್ಷ ಇಟ್ಟ ರಿಸರ್ವಾ ನನಗೆ ಇಷ್ಟವಾಯಿತು, ಎರಡು ಬಾಟಲಿ ತಂದೆ.

ಊಟ ಎರಡನೇ ತೋಟದಲ್ಲಿ. ಸಸ್ಯಾಹಾರಿ ಅಂತ ಎರಡು ಸಲ ಮೇಲ್ ಮಾಡಿದ್ದರೂ ಅಪ್ಪನ ತಟ್ಟೆಯಲ್ಲಿ ಹಂದಿ ಮಾಂಸದ ಸಲಾಮಿ ಬಂತು. ಟೂರ್ ಕಂಪನಿ ಆ ಮಾತನ್ನು ಅಡುಗೆಮನೆಗೆ ಮುಟ್ಟಿಸಿಯೇ ಇರಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಆ ಮನೆಯವರು ಪಾಪ, ತಕ್ಷಣ ತಟ್ಟೆ ತೆಗೆದು ಪಪ್ಪಾ ಅಲ್ ಪೊಮೊದೊರೊ ಮಾಡಿಕೊಟ್ಟರು. ಹಳೇ ಬ್ರೆಡ್ಡು, ಟೊಮ್ಯಾಟೊ, ಬೆಳ್ಳುಳ್ಳಿ, ತುಳಸಿಯಂಥ ಬೇಸಿಲ್ ಸೊಪ್ಪು, ಮೇಲೆ ಆಲಿವ್ ಎಣ್ಣೆ. ಅಪ್ಪ ಎರಡು ಸಲ ಹಾಕಿಸಿಕೊಂಡರು. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ನಿಮ್ಮ ಜೊತೆ ಉಪ್ಪಿನಕಾಯಿ ಇದ್ದರೆ ಒಳ್ಳೆಯದು. ಪೆಕೊರಿನೊ ಚೀಸನ್ನು ಸಾಮಾನ್ಯವಾಗಿ ಕರು ಅಥವಾ ಕುರಿಮರಿಯ ಹೊಟ್ಟೆಯ ರೆನ್ನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ, ಕಟ್ಟುನಿಟ್ಟಿನವರು ಅದನ್ನೂ ಕೇಳಿಕೊಳ್ಳಿ.

ಮೂರನೇ ಜಾಗ ಬೇಡವಾಗಿತ್ತು. ಮನೆಮಂದಿಯ ವೈನರಿ ಅಂತ ಹೇಳಿ ಕರೆದುಕೊಂಡು ಹೋದದ್ದು ದೊಡ್ಡ ಎಸ್ಟೇಟಿಗೆ. ಹೊರಗೆ ಬಸ್ಸುಗಳು, ಒಳಗೆ ಕೌಂಟರು, 40 ನಿಮಿಷದಲ್ಲಿ ನಾಲ್ಕು ಗ್ಲಾಸು, ಕೈಗೆ ಆರ್ಡರ್ ಫಾರ್ಮು. ತೋಟಕ್ಕೆ ಕಾಲಿಡಲೇ ಇಲ್ಲ. ಅಪ್ಪ ಹೊರಗೆ ಕಲ್ಲಿನ ಮೇಲೆ ಕೂತಿದ್ದರು.

ಆದ್ದರಿಂದ ಬುಕ್ ಮಾಡುವ ಮುಂಚೆ ಕಂಪನಿಯವರನ್ನು ಕೇಳಿ: ನಮ್ಮ ಜೊತೆ ಮಾತಾಡುವವರು ತೋಟದಲ್ಲಿ ಕೆಲಸ ಮಾಡುವವರೇ? ಸಾಲಿನೊಳಗೆ ಓಡಾಡಲು ಬಿಡುತ್ತಾರಾ? ಮೂರು ಜಾಗದ ಬದಲು ಎರಡೇ ಇರುವ ಟ್ರಿಪ್ ಸಿಕ್ಕರೆ ಅದನ್ನೇ ತಗೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಹೋದರೆ ಕೊಯ್ಲು ಸಿಗುವ ಸಾಧ್ಯತೆ ಜಾಸ್ತಿ. ಶಿಪ್ಪಿಂಗ್ ದುಬಾರಿ, ಹೊರುವಷ್ಟೇ ಕೊಳ್ಳಿ. ನಾನು ಮೂರನೇ ಜಾಗಕ್ಕೆ ಮತ್ತು ಆ ಊಟದ ತಟ್ಟೆಗೆ ಒಂದು ಸ್ಟಾರ್ ಕಡಿಮೆ ಮಾಡಿ ನಾಲ್ಕು ಕೊಟ್ಟಿದ್ದೇನೆ. ಮೊದಲನೇ ತೋಟದ ಅಜ್ಜಿಯ ವಿಳಾಸ ಬರೆಸಿಕೊಂಡಿದ್ದೇವೆ, ಮಾರ್ಚಿನಲ್ಲಿ ಹೊಸ ಒಣದ್ರಾಕ್ಷಿ ಬಂದಾಗ ಒಂದು ಕಿಲೋ ಅವರಿಗೆ ಕಳಿಸಬೇಕು ಅನ್ನುತ್ತಾರೆ ಅಪ್ಪ.